ಕಪ್ಪಾದ ಆರು ತಿಂಗಳು

ಅವಳು ಡಬ್ಬಿಯ ಮುಚ್ಚಳ ತೆಗೆದಳು. ಒಳಗಿನ ಫೋಟೊ ಕಾಗದ ಮೇಜಿನ ಮೇಲೆ ಜಾರಿಬಿದ್ದು ನೆಟ್ಟಗೆ ಮಲಗಿತು—ಅಂಚಿನಿಂದ ಅಂಚಿಗೆ ಕಪ್ಪು! ಸೂರ್ಯನ ಗೆರೆಯಿಲ್ಲ, ಮನೆಯಿಲ್ಲ, ಜಗಲಿಯಿಲ್ಲ. ಆರು ತಿಂಗಳ ಕೆಲಸ ಮಣ್ಣುಪಾಲು.

ಅವಳು ಛಾಯಾಗ್ರಾಹಕಿ. ಅವಳ ಕಸುಬೇ ವಿಚಿತ್ರ. ಲೆನ್ಸ್ ಇಲ್ಲ, ಗುಂಡಿ ಒತ್ತುವುದಿಲ್ಲ. ತಗಡಿನ ಡಬ್ಬಿಗೆ ಸೂಜಿಮೊನೆಯಷ್ಟು ತೂತು, ಒಳಗೆ ಸುತ್ತಿಟ್ಟ ಕಾಗದ. ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಬಿಸಿಲು ತಾನೇ ಚಿತ್ರ ಬರೆಯುತ್ತದೆ. ಓಡಾಡುವವರು ಅದರಲ್ಲಿ ಮೂಡುವುದೇ ಇಲ್ಲ. ದಿನವೂ ಒಂದೇ ಕಡೆ ಕೂತವರು ನೆರಳಿನಷ್ಟು ಉಳಿದರೆ ಉಳಿದಾರು. ಕಾಂಪೌಂಡಿನ ಕಂಬಕ್ಕೆ ಕಟ್ಟಿದ್ದ ಈ ಡಬ್ಬಿಯ ಎದುರಿಗೆ, ಜಗಲಿಯ ಕುರ್ಚಿಯಲ್ಲಿ, ಕಾಯಿಲೆ ಬಿದ್ದ ಅಮ್ಮ ನಾಲ್ಕು ತಿಂಗಳು ಬೆಳಗಿನಿಂದ ಸಂಜೆಯವರೆಗೆ ಕೂತಿದ್ದಳು. ಐದನೆಯ ತಿಂಗಳಿಗೆ ಅಮ್ಮನೇ ಇರಲಿಲ್ಲ.

ನಾಳೆ ಪ್ರದರ್ಶನ. ಪ್ರದರ್ಶನ ಹಾಳಾಗಿ ಹೋಗಲಿ, ಅವಳಿಗೆ ಆ ನೆರಳು ಬೇಕಿತ್ತು.

ಫೋನು ಮಾಡಿದ ಅರ್ಧ ಗಂಟೆಗೆ ಅಮ್ಮನ ತಂಗಿ ಓಡಿಬಂದಳು. ಪೊಲೀಸ್ ಇಲಾಖೆಯಿಂದ ನಿವೃತ್ತಳಾದರೂ ಚಿಕ್ಕಮ್ಮನಿಗೆ ವಿಚಾರಣೆಯ ಚಾಳಿ ಬಿಟ್ಟಿರಲಿಲ್ಲ.

"ಯಾರ ಮೇಲೆ ಅನುಮಾನ?"

"ಎಲೆರಾಯನ ಮೇಲೆ." ಅವಳು ನಿಂತಲ್ಲಿ ನಿಲ್ಲದೆ ಅತ್ತಿಂದಿತ್ತ ಓಡಾಡುತ್ತಿದ್ದಳು.

ಎಲೆರಾಯ ಅವಳ ಗೆಳೆಯ. ಹಸಿ ಎಲೆಗಳ ಮೇಲೆ ಬಿಸಿಲಿನಿಂದಲೇ ಮುಖಗಳನ್ನು ಮೂಡಿಸುವ ಫೋಟೊಗ್ರಾಫರ್. ಪ್ರದರ್ಶನದ ದೊಡ್ಡ ಗೋಡೆ ಯಾರಿಗೆಂದು ಇಬ್ಬರಿಗೂ ಜಟಾಪಟಿಯಾಗಿತ್ತು. ಮೂರು ದಿನದ ಹಿಂದೆ ಮನೆಗೂ ಬಂದಿದ್ದ.

ಫೋನಿನಲ್ಲಿ ಅವನು ರೇಗಿದ. "ನಾನ್ಯಾಕೆ ಮುಟ್ಲಿ? ನನ್ನ ಎಲೆಗಳೇ ಬಾಡ್ತಾ ಇವೆ, ನಂಗೆ ಅದರ ಚಿಂತೆ!"

ಪಕ್ಕದ ಮನೆಯಾಕೆ ಬೇಲಿಯಾಚೆಯಿಂದಲೇ ಉತ್ತರಿಸಿದಳು. "ಡಬ್ಬಿ ಇಟ್ಟು ನಮ್ಮನೆ ನೋಡ್ತಾರೆ ಅಂತ ಒಂದ್ಸಲ ಜಗಳ ಆಡಿದ್ದು ನಿಜ. ಆದ್ರೆ ಕಂಬ ಹತ್ತೋ ವಯಸ್ಸಾ ನಂದು?"

ಅಪ್ಪ ಮಾತ್ರ ಮೂಲೆಯಲ್ಲಿ ಪೇಪರು ಹಿಡಿದು ಕೂತಿದ್ದ. ಒಂದು ಕಾಲಕ್ಕೆ ಸ್ಟುಡಿಯೊ ನಡೆಸಿದವನು. ಫೋಟೊ ತೊಳೆಯುವ ಅವನ ಡಾರ್ಕ್‌ರೂಮು ಮೆಟ್ಟಿಲ ಕೆಳಗೆ ಈಗಲೂ ಇತ್ತು.

ಚಿಕ್ಕಮ್ಮ ಕಾಗದವನ್ನು ಮತ್ತೆ ಮತ್ತೆ ತಿರುವಿದಳು.

"ಡಬ್ಬೀಲಿ ಇದನ್ನ ಹೇಗಿಟ್ಟಿದ್ದೆ?"

"ಸುರುಳಿ ಸುತ್ತಿ."

"ಆರು ತಿಂಗಳು ಸುರುಳಿಯಾಗಿದ್ದದ್ದು, ಇಸ್ತ್ರಿ ಹಾಕಿದ ಹಾಗೆ ನೆಟ್ಟಗಾಗಿದ್ದು ಹೇಗೆ?"

ಅವಳ ಓಡಾಟ ನಿಂತಿತು. ಹೌದಲ್ಲ!

"ಇದು ನೆನೆದಿದೆ, ಭಾರದ ಕೆಳಗೆ ಒಣಗಿದೆ. ಮೂಲೇಲಿ ಕ್ಲಿಪ್ಪಿನ ಗುರುತು ನೋಡು. ಹಾಳು ಮಾಡೋರಿಗೆ ಇಷ್ಟೆಲ್ಲ ಯಾಕೆ? ಬಿಸಿಲಲ್ಲಿ ಬಿಚ್ಚಿಟ್ರೆ ಸಾಕು. ಯಾರೋ ಇದನ್ನ ಡೆವಲಪರ್‌ನಲ್ಲಿ ತೊಳೆದಿದ್ದಾರೆ, ಹಳೇ ಕಾಲದಲ್ಲಿ ಫೋಟೊ ತೊಳೀತಿದ್ರಲ್ಲ, ಹಾಗೆ."

"ಇದನ್ನ ತೊಳೀಲೇಬಾರದು ಚಿಕ್ಕಮ್ಮ! ಚಿತ್ರ ಆಗ್ಲೇ ಮೂಡಿರುತ್ತೆ. ಡೆವಲಪರ್ ಬಿದ್ರೆ ಎಲ್ಲಾ ಕಪ್ಪು. ಎಲೆರಾಯನಿಗೂ ಅದು ಗೊತ್ತು."

"ಅದಕ್ಕೇ ಅವನಲ್ಲ. ತೊಳೆದೋರಿಗೆ ಹಾಳು ಮಾಡೋದಲ್ಲ, ಚಿತ್ರ ನೋಡೋದು ಬೇಕಿತ್ತು. ಪಕ್ಕದ ಮನೆಯಾಕೆಗೆ ತೊಳೆಯೋಕೇ ಬರಲ್ಲ. ತೊಳೆಯೋದ್ರಲ್ಲಿ ಕೈ ಪಳಗಿರಬೇಕು, ನಿನ್ನ ಹೊಸ ವಿದ್ಯೆ ಗೊತ್ತಿರಬಾರದು. ಅಂಥವರು ಒಬ್ಬರೇ." ಚಿಕ್ಕಮ್ಮನ ದನಿ ಇಳಿಯಿತು. "ಅಲ್ವಾ ಭಾವ?"

ಪೇಪರು ಕೆಳಗಿಳಿಯಿತು. ಅಪ್ಪ ಅದನ್ನು ಮಡಚಿಟ್ಟ.

"ಮೊನ್ನೆ ಮಧ್ಯಾಹ್ನ ಬಿಚ್ಚಿದೆ. ನಾಳೆ ಊರವರೆಲ್ಲ ನೋಡ್ತಾರೆ, ಅದಕ್ಕೂ ಮುಂಚೆ ನಾನೊಬ್ನೇ ಒಂದ್ಸಲ ನೋಡೋಣ ಅಂತ. ಹಾಳಾದ್ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ. ನಿನ್ನೆ ರಾತ್ರಿ ಬಗ್ಗಿಸಿ ವಾಪಸ್ ಇಟ್ಟೆ."

ಬೆಳಗಿನಿಂದ ಕೂಡಿಟ್ಟ ಬೈಗುಳವೆಲ್ಲ ಮಗಳ ಬಾಯಿಗೆ ಬಂತು. ಅಪ್ಪನ ಮುಖ ನೋಡಿ ನುಂಗಿಕೊಂಡಳು.

"ತೊಳೆಯೋಕೆ ಮುಂಚೆ... ಏನಾದ್ರೂ ಕಾಣಿಸ್ತಾ ಅಪ್ಪ?"

"ಕಾಣಿಸ್ತು. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಹಿಡಿದು ನೋಡಿದೆ. ಕುರ್ಚಿ ಮೇಲೆ ಮಬ್ಬು ಮಬ್ಬಾಗಿ ಕೂತಿದ್ಳು." ಅಪ್ಪ ಕನ್ನಡಕ ತೆಗೆದ. "ಇನ್ನೊಂಚೂರು ಸ್ಪಷ್ಟವಾಗಿ ಬರ್ಲಿ ಅಂತ ತೊಳೆದೆ ಮಗಳೇ."