ಎಟೆಲ್ಕಾಳ ಕಿವುಡು

ಗಿರಣಿ ಮುಚ್ಚಿದ ದಿನ ಎಟೆಲ್ಕಾ ಅಳಲಿಲ್ಲ. ಒಂಬತ್ತು ತಿಂಗಳು ನಿರುದ್ಯೋಗ ಭತ್ಯೆ ಬರುತ್ತದಲ್ಲ, ಅಷ್ಟರಲ್ಲಿ ಎಲ್ಲಾದರೂ ಕೆಲಸ ಸಿಕ್ಕೀತು ಎಂದುಕೊಂಡಳು. ಅವಳು ಅರ್ಜಿ ಕೊಡುವಷ್ಟರಲ್ಲಿ ಬುಡಾಪೆಸ್ಟಿನ ದೊಡ್ಡವರು ಒಂಬತ್ತನ್ನು ಮೂರು ಮಾಡಿದ್ದರು. ಸೋಮಾರಿಗಳನ್ನು ಎಬ್ಬಿಸಲಿಕ್ಕಂತೆ. ಐವತ್ನಾಲ್ಕರ ನೇಯ್ಗೆಯವಳನ್ನು ಎಬ್ಬಿಸಿ ಎಲ್ಲಿಗೆ ಅಟ್ಟಬೇಕೆಂದು ಮಾತ್ರ ಯಾರೂ ಹೇಳಲಿಲ್ಲ.

ನಾಲ್ಕನೆಯ ತಿಂಗಳು ಕೈಗೆ ಪೊರಕೆ ಬಂತು, ಮೈಗೆ ಕಿತ್ತಳೆ ಬಣ್ಣದ ಸರ್ಕಾರಿ ಅಂಗಿ. ಬೀದಿ ಗುಡಿಸುವ ಕೂಲಿ. ಮೇಲ್ವಿಚಾರಕ ಡೆಜೋ, ಹಿಂದೆ ಗಿರಣಿಯಲ್ಲಿ ನೂಲು ಕದ್ದು ಅವಳ ಕೈಗೇ ಸಿಕ್ಕಿಬಿದ್ದವನು. ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು, "ಸ್ವಲ್ಪ ಬಗ್ಗಕ್ಕಾ, ಸೊಂಟಕ್ಕೂ ಒಳ್ಳೇದು" ಎನ್ನುತ್ತಿದ್ದ. ಅವನ ಮಾತು ಕೇಳಿಸದವಳಂತೆ ನಿಂತಿದ್ದಾಗಲೇ ಉಪಾಯ ಹೊಳೆಯಿತು.

ಇಪ್ಪತ್ತೊಂಬತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತವಳು. ಜೊತೆಯವರಲ್ಲಿ ಅರ್ಧಕ್ಕರ್ಧ ಜನಕ್ಕೆ ಚರ್ಚಿನ ಗಂಟೆಯೂ ಕೇಳಿಸುತ್ತಿರಲಿಲ್ಲ. ಅವರಿಗೆಲ್ಲ ಕಿವುಡಿನ ಲೆಕ್ಕದಲ್ಲಿ ಜೀವಮಾನದ ಪಿಂಚಣಿ. ಅವಳೊಬ್ಬಳೇ ಗುಟ್ಟಾಗಿ ಮೇಣ ತುರುಕಿಕೊಂಡು ಕಿವಿ ಕಾಪಾಡಿಕೊಂಡಿದ್ದಳು. ಈಗ ಆ ಜಾಣತನಕ್ಕೇ ದಂಡ. ಇರಲಿ, ಕಿವುಡು ಬರದಿದ್ದರೆ ಬರಿಸಿಕೊಂಡರಾಯಿತು. ತೀರಿಹೋದ ಗಂಡ ಅದೇ ವಿದ್ಯೆಯಿಂದ ಅವಳ ಜೊತೆ ಸುಖವಾಗಿ ಸಂಸಾರ ಮಾಡಿರಲಿಲ್ಲವೇ?

ಎರಡು ತಿಂಗಳು ತಯಾರಿ ನಡೆಯಿತು. ಒಂಟಿ ಮನೆಯಲ್ಲಿ ಮೂರು ಅಲಾರಾಂ ಗಡಿಯಾರಗಳನ್ನು ಮನಸ್ಸಿಗೆ ಬಂದ ಹೊತ್ತಿಗೆ ತಿರುಗಿಸಿ ಬೀರುವಿನಲ್ಲಿಟ್ಟಳು. ಅವು ಬಡಿದುಕೊಂಡಾಗ ಕಾಫಿಯ ಬಟ್ಟಲು ಅಲ್ಲಾಡಬಾರದು. ಮೊದಲ ವಾರ ಮೇಜುಬಟ್ಟೆ ಹಾಳಾಯಿತು. ಮೂರನೆಯ ವಾರಕ್ಕೆ ಕಣ್ಣರೆಪ್ಪೆಯೂ ಮಿಟುಕಲಿಲ್ಲ. ಅಂಗಡಿಯ ಬೋರಿ "ಎಷ್ಟು ರೊಟ್ಟಿ?" ಎಂದರೆ, "ಹೌದಮ್ಮಾ, ಚಳಿ ಜಾಸ್ತಿ" ಎನ್ನುತ್ತಿದ್ದಳು. ಬೆನ್ನ ಹಿಂದೆಯೇ ಬೋರಿ, "ಪಾಪ. ಕಿವಿ ಇದ್ದಾಗ್ಲೂ ಇವಳ ಸಾರಲ್ಲಿ ನೀರೇ ಇದ್ದಿದ್ದು" ಎಂದಳು. ಎಟೆಲ್ಕಾ ಅದನ್ನೂ ನುಂಗಿಕೊಂಡಳು. ಅದಕ್ಕಿಂತ ಕಠಿಣ ಪರೀಕ್ಷೆ ಇನ್ನಾವುದಿದ್ದೀತು?

ಪಿಂಚಣಿ ಕಚೇರಿಯ ಡಾಕ್ಟರ್ ಸೆಂದ್ರೇಯಿ ಬಳಿ ಕಿವಿ ನೋಡುವ ಯಂತ್ರ ಇರಲಿಲ್ಲ. ಭತ್ಯೆಗೆ ಬಿದ್ದ ಕತ್ತರಿ ಅದಕ್ಕೂ ಬಿದ್ದಿತ್ತು. ಪಾಪ, ಅವನು ಹಳೆಯ ಉಪಾಯಗಳನ್ನೇ ನಂಬಿದ. ಅವಳ ಹಿಂದೆ ತಗಡಿನ ತಟ್ಟೆ ಬೀಳಿಸಿದ. ಅವಳು ಗೋಡೆಯ ಕ್ಯಾಲೆಂಡರಿನ ಬಾತುಕೋಳಿಗಳನ್ನು ನೋಡುತ್ತಿದ್ದಳು. "ಬೆನ್ನ ಮೇಲೆ ಜೇಡ ಹತ್ತುತ್ತಾ ಇದೆ" ಎಂದು ಪಿಸುಗುಟ್ಟಿದ. ಅವಳು ಎಣಿಸಿದಳು, ಬಾತುಕೋಳಿಗಳು ಒಟ್ಟು ಏಳು. ಕೊನೆಗೆ, "ಈ ವಯಸ್ಸಲ್ಲೂ ಚೆನ್ನಾಗಿದ್ದಾಳೆ" ಎಂದ. ಅದೊಂದಕ್ಕೆ ಮಾತ್ರ ಅವಳ ಎದೆ ಚೂರು ಅಲುಗಿತು, ಮುಖ ಅಲುಗಲಿಲ್ಲ. ಡಾಕ್ಟರ್ ನಿಟ್ಟುಸಿರಿಟ್ಟು 'ಸಂಪೂರ್ಣ ಕಿವುಡು' ಎಂದು ಬರೆದು ಮುದ್ರೆ ಎತ್ತಿಕೊಂಡ. ಎಟೆಲ್ಕಾ ಮನಸ್ಸಿನಲ್ಲೇ ಪೊರಕೆಯನ್ನು ಡೆಜೋನ ತಲೆಯ ಮೇಲೆ ಮುರಿದಳು.

ಪಕ್ಕದ ಮೇಜಿನಲ್ಲಿ ಕಡತ ಹೊಲಿಯುತ್ತಿದ್ದ ಗುಮಾಸ್ತೆ ತಲೆ ಎತ್ತಿದಳು. "ಒಂದ್ನಿಮಿಷ ಡಾಕ್ಟ್ರೇ. ಇವರಿಗೆ ಕಳಿಸಿದ ಕಾಗದದಲ್ಲಿ ಮುಂದಿನ ಗುರುವಾರ ಅಂತಿದೆ. ನಿಮ್ಮ ರಜೆ ಬಂತಲ್ಲ, ಅದಕ್ಕೆ ಇವತ್ತು ಬನ್ನಿ ಅಂತ ಮೊನ್ನೆ ನಾನೇ ಇವರ ಮನೆಗೆ ಫೋನ್ ಮಾಡ್ದೆ. ಒಲೆ ಮೇಲೆ ಏನೋ ಉಕ್ಕುತ್ತಿದೆ ಅಂತ ಅವಸರದಲ್ಲಿದ್ರು. ಕಿವಿ ಕೇಳದವರು ಪಾಪ ಅಂತ ಸ್ವಲ್ಪ ಜೋರಾಗಿ ಹೇಳಿದ್ದಕ್ಕೆ, 'ಯಾಕಮ್ಮಾ ಹಂಗೆ ಕಿರುಚ್ತೀಯಾ, ನಾನೇನು ಕಿವುಡೀನಾ?' ಅಂತ ನನಗೇ ಗದರಿದ್ರು."