ಒಲೆಯಲ್ಲಿ ಜೋಡಿಸಿಟ್ಟ ಸೌದೆ

ಸತ್ತವನು ಮಕಾಡೆ ಬಿದ್ದಿದ್ದ. ಅಲೆ ಬಂದಾಗಲೆಲ್ಲ ಅವನ ಹಳದಿ ಟೋಪಿ ತೇಲುತ್ತಿತ್ತು. ಅಲೆ ಹಿಂದೆ ಸರಿದಾಗ ಕಲ್ಲಿಗೆ ಅಂಟಿಕೊಳ್ಳುತ್ತಿತ್ತು.

ದ್ವೀಪದ ಪೊಲೀಸ್ ಅಧಿಕಾರಿ ಇಂಗುನ್ ಹೆಲಿಕಾಪ್ಟರಿನಿಂದ ಇಳಿದಾಗ ಕವಿದಿದ್ದ ಮಂಜು ಚದುರುತ್ತಿತ್ತು. ಕೊಲ್ಲಿಯಲ್ಲಿ ಪ್ರವಾಸಿ ಹಡಗು ಕಾಯುತ್ತಿತ್ತು. ತೀರದ ನಡಿಗೆಗೆ ಬಂದಿದ್ದ ಪ್ರಯಾಣಿಕರು ಕೆಂಪು ಜಾಕೆಟ್‌ಗಳಲ್ಲಿ ಮುದುಡಿ ನಿಂತಿದ್ದರು.

"ಜಾರಿ ಬಿದ್ದಿದಾನೆ, ಬರ್ಕೊಂಡು ಬಿಟ್ಬಿಡಮ್ಮ," ಎಂದಳು ನಡಿಗೆಯ ಮುಖ್ಯಸ್ಥೆ ರೂಟ್. "ಗಾಳಿ ತಿರುಗಿದ್ರೆ ಮಂಜುಗಡ್ಡೆ ಕೊಲ್ಲಿ ಬಾಯಿ ಮುಚ್ಚುತ್ತೆ. ಆಮೇಲೆ ಇವ್ರಿಗೆಲ್ಲ ನಿನ್ನ ಮನೇಲೇ ಊಟ."

ಇಂಗುನ್ ಬಗ್ಗಿದಳು. ಗಾಯ ತಲೆಯ ಹಿಂಬದಿಗಿತ್ತು. ಕೂದಲಲ್ಲಿ ಮರದ ಸಿಬಿರು. ಒಂದೇ ಒಂದು ಮರ ಬೆಳೆಯದ ದ್ವೀಪ ಅದು. ಆದರೆ ಎಲ್ಲೆಲ್ಲಿಂದಲೋ ತೇಲಿಬಂದ ದಿಮ್ಮಿ, ಕೊಂಬೆಗಳು ತೀರದ ತುಂಬ ಬಿದ್ದಿದ್ದವು.

"ಯಾರೋ ಹೊಡೆದಿದಾರೆ, ರೂಟ್."



* * *

ಲೆಕ್ಕ ಸರಳವಾಗಿತ್ತು. ಮಂಜು ಕವಿದಾಗ ರೂಟ್ ಎಲ್ಲರ ಕೈಗೂ ಒಂದೇ ಹಗ್ಗ ಕೊಟ್ಟು ನಿಲ್ಲಿಸಿದ್ದಳು. ಸತ್ತ ಬೆಕ್‌ಮನ್ ಮತ್ತು ಅವನ ಅಣ್ಣನ ಮಗ ಫೆಲಿಕ್ಸ್ ಮಾತ್ರ ಅದಕ್ಕೆ ಮೊದಲೇ ದಾರಿ ಬಿಟ್ಟಿದ್ದರು. ಅವರನ್ನು ಹುಡುಕಲು ಹೋದವನು ಹಾಲ್ವಾರ್, ಹಿಮಕರಡಿಗಳಿಂದ ಗುಂಪನ್ನು ಕಾಯುವ ಮುದುಕ.

ಫೆಲಿಕ್ಸನ ಕೈಗವಸಿನಲ್ಲಿ ರಕ್ತವಿತ್ತು.

"ಎತ್ತಿ ನೋಡಿದೆ, ಅಷ್ಟೇ!" ಅವನು ಕೈಗಳನ್ನು ಹಿಂದಕ್ಕೆ ಎಳೆದುಕೊಂಡ. "ಚಿಕ್ಕಪ್ಪ ಅಲ್ವಾ ಮೇಡಂ!"

"ಬೆಳಿಗ್ಗೆ ಜಗಳ ಆಡಿದ್ರಂತೆ?"

"ಅವರ ಜಂಬ ಕೇಳಿ ಕೇಳಿ ಸಾಕಾಗಿತ್ತು. ಹೋದ ವರ್ಷ ಮಾರ್ಚಲ್ಲಿ ಅಲ್ಲಿ ಕಾಣೋ ಆ ಗುಡಿಸಲಲ್ಲೇ ಉಳ್ಕೊಂಡಿದ್ರಂತೆ. ಸೌದೆಯೆಲ್ಲ ಉರಿಸಿ ಮಜಾ ಮಾಡಿದ್ರಂತೆ. ಫೋಟೊ ಹಿಡ್ಕೊಂಡು ಊರೆಲ್ಲ ಮೆರವಣಿಗೆ. ಆ ಬಂದೂಕಿನ ಅಜ್ಜನಿಗೂ ತೋರಿಸಿದ್ರು."

ಇಂಗುನ್ ತಲೆ ಎತ್ತಿ ಬೇಟೆಗಾರರ ಗುಡಿಸಲಿನ ಕಡೆ ನೋಡಿದಳು. ಹೋದ ವರ್ಷ ಮಾರ್ಚಿನಲ್ಲೇ ಅಲ್ಲಿಂದ ಗೆಳತಿ ಯೊರುನಳ ಹೆಣವನ್ನು ಹೊತ್ತು ತಂದವಳು ಅವಳೇ. ಯೊರುನ್ ಹಾಲ್ವಾರನ ಒಬ್ಬಳೇ ಮಗಳು. ಇಬ್ಬರು ಹುಡುಗಿಯರಿಗೂ ಗುರಿ ಹಿಡಿಯಲು ಕಲಿಸಿದ್ದು ಅವನು.

"ಹಾಲ್ವಾರ್, ಮಂಜಲ್ಲಿ ಗುಡಿಸಲ ಹತ್ರ ಹೋಗಿದ್ಯಾ?"

"ನಾನ್ಯಾಕಮ್ಮ ಆ ಕಡೆ ಹೋಗ್ಲಿ?" ಮುದುಕ ಕಡಲನ್ನೇ ನೋಡುತ್ತಿದ್ದ.

ಫೆಲಿಕ್ಸನೇ ಆಗಿರಲಿ ಎಂದು ಅವಳ ಮನಸ್ಸು ಬೇಡಿಕೊಂಡಿತು. ಆ ಆಸೆಗೆ ಅವಳಿಗೇ ನಾಚಿಕೆಯಾಯಿತು.

* * *

ಗುಡಿಸಲ ಹಿಂದೆ ಹಳೆಯ ಹಿಮದ ಮೇಲೆ ಹೊಸ ಬೂದಿ ಚೆಲ್ಲಿತ್ತು. ಒಳಗೆ ಒಲೆಯ ಕಬ್ಬಿಣ ಇನ್ನೂ ಉಗುರುಬೆಚ್ಚಗಿತ್ತು. ಒಲೆಯೊಳಗೆ ಸೌದೆ ಒಪ್ಪವಾಗಿ ಜೋಡಿಸಿತ್ತು. ಅದರಡಿಯಲ್ಲಿ ಆಗಷ್ಟೇ ಹೆರೆದ ತೆಳು ಸುರುಳಿಗಳು. ಮೇಲಿನ ಹಲಗೆಯ ಮೇಲೆ ಬೆಂಕಿಪೊಟ್ಟಣ. ಅರ್ಧ ತೆರೆದ ಪೊಟ್ಟಣದಿಂದ ಕೆಲವು ಕಡ್ಡಿಗಳು ತಲೆ ಹೊರಚಾಚಿದ್ದವು.

ಅವಳು ಫೆಲಿಕ್ಸ್, ಹಾಲ್ವಾರ್, ರೂಟ್ ಮೂವರನ್ನೂ ಒಳಗೆ ಕರೆದಳು.

"ಫೆಲಿಕ್ಸ್, ಒಂದು ಕಡ್ಡಿ ತೆಗೀರಿ. ಹಚ್ಚಬೇಡಿ."

ಫೆಲಿಕ್ಸ್ ಒಂದು ಕಡ್ಡಿ ತೆಗೆದ. ಉಳಿದವನ್ನು ಒಳಗೆ ತಳ್ಳಿ, ಪೊಟ್ಟಣ ಮುಚ್ಚಿ ಮೇಜಿನ ಮೇಲೆ ಎಸೆದ.

ಹಾಲ್ವಾರನ ಕೈ ತಾನಾಗಿಯೇ ಮುಂದೆ ಬಂತು. ಪೊಟ್ಟಣ ತೆರೆಯಿತು. ಕಡ್ಡಿಗಳ ತಲೆಯನ್ನು ಹೊರಗೆಳೆದು ಹಲಗೆಯ ಮೇಲಿಟ್ಟಿತು. ಆಮೇಲೆ ಮುದುಕ ತನ್ನ ಕೈಯನ್ನು ನೋಡಿಕೊಂಡ.

"ನಾವು ದ್ವೀಪದವರೆಲ್ಲ ಹಾಗೇ ಇಡೋದು, ಇಂಗುನ್," ಎಂದಳು ರೂಟ್. "ಇದ್ರಲ್ಲೇನಿದೆ?"

"ಒಲೆ ಮುಟ್ಟು. ಬೆಕ್‌ಮನ್‌ಗೆ ಹೊಡೆದ ಕಟ್ಟಿಗೇನ ಇವತ್ತು ಯಾರೋ ಇಲ್ಲಿ ಸುಟ್ಟಿದಾರೆ. ಹೊಗೆ ಮಂಜಲ್ಲಿ ಕಾಣ್ಲಿಲ್ಲ. ನೀವೆಲ್ಲ ಹಗ್ಗ ಹಿಡಿದು ನಿಂತಿದ್ರಿ. ಹೊರಗಿದ್ದವರು ಇಬ್ಬರೇ. ಫೆಲಿಕ್ಸ್ ಆಗಿದ್ರೆ ಸುಟ್ಟು ಓಡಿರ್ತಿದ್ದ. ಸುಟ್ಟವನು ಮಾತ್ರ ಬೂದಿ ತೆಗ್ದಿದಾನೆ, ಚಕ್ಕೆ ಹೆರೆದಿದಾನೆ, ಮುಂದೆ ಬರೋರಿಗೆ ಒಲೆ ಜೋಡ್ಸಿದಾನೆ." ಅವಳು ಮುದುಕನ ಕಡೆ ತಿರುಗಿದಳು. "ಆ ಕಟ್ಟಿಗೇನ ಕಡಲಿಗೆ ಎಸೀಬಹುದಿತ್ತಲ್ಲ, ಹಾಲ್ವಾರ್?"

"ಗಾಳಿ ದಡದ ಕಡೆಗಿತ್ತು. ವಾಪಸ್ ತಂದು ಹಾಕ್ತಿತ್ತು."

"ಒಲೇನ ಹಾಗೇ ಬಿಟ್ಟು ಹೋಗಿದ್ರೆ ನಾನು ಫೆಲಿಕ್ಸನ್ನೇ ಕರ್ಕೊಂಡು ಹೋಗ್ತಿದ್ದೆ."

"ಹಾಗೇ ಬಿಟ್ಟು ಹೋಗೋದಾ?" ಮುದುಕನ ದನಿ ಮೊದಲ ಬಾರಿಗೆ ಏರಿತು. "ಅವನು ಬಿಟ್ಟು ಹೋದನಲ್ಲ, ಹಾಗಾ? ಅವನು ಹೋದ ಮಾರನೇ ದಿನ ಯೊರುನ್ ಬಂದ್ಲು. ಬಿರುಗಾಳೀಲಿ, ಒದ್ದೆ ಆಗಿ. ಒಲೇಲಿ ಬರೀ ಬೂದಿ. ಪೊಟ್ಟಣ ಮುಚ್ಚಿತ್ತು. ಸೆಟೆದ ಬೆರಳಲ್ಲಿ ತೆಗೆಯಕ್ಕಾಗ್ದೆ ಹಲ್ಲಲ್ಲಿ ಕಚ್ಚಿದ್ದಾಳೆ. ನೀನೇ ನೋಡಿದ್ದೀಯಲ್ಲ ಆ ಪೊಟ್ಟಣಾನ. ಅವನ ಫೋಟೊದಲ್ಲಿ ತಾರೀಕಿತ್ತು ಕಣಮ್ಮ. ಮಂಜಲ್ಲಿ ಎದುರಿಗೆ ಸಿಕ್ಕ. ನನ್ನ ಮಗಳು ಸತ್ತಿದ್ದು ಇಲ್ಲೇ ಅಂದೆ. ಅಯ್ಯೋ ಪಾಪ ಅಂದ. ತಿರುಗಿ ಹಕ್ಕಿ ಫೋಟೊ ತೆಗೆಯೋಕೆ ಶುರು ಮಾಡ್ದ."

ಅವನು ಬಂದೂಕಿನ ಗುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಬಂದೂಕನ್ನು ಅವಳ ಕೈಗೆ ಕೊಟ್ಟ. ಫೆಲಿಕ್ಸ್ ಗೋಡೆಗೆ ಮುಖ ಮಾಡಿ ಅಳುತ್ತಿದ್ದ.

* * *

ಹಡಗು ಹೋಯಿತು. ಇಂಗುನ್ ಕೆಲಸ ಮುಗಿಸಬೇಕಿತ್ತು. ಸೌದೆಯನ್ನು ಒಂದು ಚೀಲಕ್ಕೆ ತುಂಬಿದಳು, ಚಕ್ಕೆಗಳನ್ನು ಇನ್ನೊಂದಕ್ಕೆ. ಬೆಂಕಿಪೊಟ್ಟಣವನ್ನು ಕಡ್ಡಿಗಳ ಸಮೇತ ಮತ್ತೊಂದಕ್ಕೆ. ಎಲ್ಲವೂ ಸಾಕ್ಷ್ಯ.

ಹಾಲ್ವಾರ್ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ.

"ಬೇರೆ ಸೌದೆ ಇಡ್ತೀಯಲ್ಲ?"

"ಏನೂ ಮುಟ್ಟೋ ಹಾಗಿಲ್ಲ, ಹಾಲ್ವಾರ್. ಕೇಸು ಮುಗಿಯೋವರೆಗೂ."

"ಚಳಿಗಾಲ ಬಂತಲ್ಲೇ."

ಅವಳು ಬಾಗಿಲೆಳೆದಳು. ಕರಡಿ ನುಗ್ಗದಂತೆ ಅಡ್ಡಪಟ್ಟಿ ಹಾಕುವುದಷ್ಟೇ ಗೊತ್ತಿದ್ದ ಬಾಗಿಲು ಅದು. ಬೀಗ ಸಿಕ್ಕಿಸಿ ಒತ್ತಿದಳು.

ಹೆಲಿಕಾಪ್ಟರ್ ಏರಿತು. ಮುದುಕ ಬೇಡಿ ತೊಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಕೆಳಗೆ ಗುಡಿಸಲು ಚಿಕ್ಕದಾಗುತ್ತ ಹೋಯಿತು. ಆಗಲೇ ಹಿಮ ಬೀಳತೊಡಗಿತ್ತು.