ಗೋಪುರದ ಮೇಸ್ತ್ರಿ, ಬಂದೂಕಿನ ಗುರಿಕಾರ

"ಈ ಗೋಪುರಗಳನ್ನ ಕಟ್ಟಿದ ಪುಣ್ಯಾತ್ಮ ಯಾರ್ರೀ? ಸ್ವಲ್ಪ ಮುಖ ತೋರಿಸಿ!"

ವಿಡಿಯೋ ಗೇಮ್ ಆಡಿ ಪರೀಕ್ಷಿಸುವ ಕೋಣೆಯಿಂದ ತೂರಿಬಂದ ಆ ದನಿಗೆ ಇಡೀ ಆಫೀಸು ತಲೆಯೆತ್ತಿತು.

ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು... ಭಯಕ್ಕಲ್ಲ, ಸಿಟ್ಟಿಗೆ!

"ಪುಣ್ಯಾತ್ಮ ಅಲ್ಲ, ಪುಣ್ಯಾತ್ಮೆ. ಏನೀಗ?"

ಅವತ್ತಷ್ಟೇ ಕೆಲಸಕ್ಕೆ ಸೇರಿದ್ದ ಹೊಸಬ ತಿರುಗಿ ನೋಡಿದ. ಜಾರುತ್ತಿದ್ದ ಕನ್ನಡಕವನ್ನು ಮೇಲೇರಿಸಿಕೊಂಡ. ಕಣ್ಣಲ್ಲಿ ತುಂಟತನ.

"ಏನಿಲ್ಲ... ಆಗಿನಿಂದ ಬಂದೂಕು ಹಿಡ್ಕೊಂಡು ನಿಂತಿದೀನಿ. ಒಂದು ಇಲಿನೂ ನನ್ನ ಹತ್ರ ಸುಳಿಯಲಿಲ್ಲ. ಎಲ್ಲಾನೂ ನಿಮ್ಮ ಗೋಪುರಗಳೇ ದೂರದಲ್ಲಿ ಮುಗಿಸಿಬಿಟ್ವು. ನಾನೇನು ಇಲ್ಲಿ ಗೊಂಬೆ ಥರ ನಿಲ್ಲೋಕೆ ಬಂದಿದೀನಾ?"

"ಇಲಿ ಸುಳಿಯದ ಹಾಗೆ ನೋಡ್ಕೊಳ್ಳೋದೇ ಗೋಪುರದ ಕೆಲಸ. ಕೈ ಖಾಲಿ ಇದ್ರೆ ಆಕಳಿಸಿ!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಆ ಪುಟ್ಟ ಆಫೀಸಿನ ಒಡತಿಯನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವರು ಬಾಗಿಲಿಗೆ ಒರಗಿ ನಿಂತು ಹೇಳಿದರು:

"ಸರಿಹೋಯ್ತು! ಇವಳು ಮೇಸ್ತ್ರಿ, ಇವನು ಗುರಿಕಾರ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸ್ರಪ್ಪ. ಕಚ್ಚಾಡಿಕೊಂಡಾದ್ರೂ ಆಟ ಮುಗಿಸ್ತಾರೆ."

ಆ ಹೆಸರುಗಳು ಅಲ್ಲಿಗೇ ಅಂಟಿಕೊಂಡವು.

ಅವರು ಮಾಡುತ್ತಿದ್ದ ವಿಡಿಯೋ ಗೇಮ್‌ ಹೆಸರು 'ಕಣಜ ಕಾವಲು'. ಕಬ್ಬಿಣದ ಇಲಿಗಳ ಸೇನೆಯೊಂದು ಊರಿನ ಕಣಜಕ್ಕೆ ನುಗ್ಗುತ್ತದೆ. ಆಡುವವರು ಮೊದಲು ಆಕಾಶದಿಂದ ನೋಡಿದಂತೆ ಊರನ್ನು ನೋಡಿ, ದಾರಿಯುದ್ದಕ್ಕೂ ಕಾವಲು ಗೋಪುರಗಳನ್ನು ಕಟ್ಟಬೇಕು. ಇಲಿಗಳು ಹೊರಟ ಕೂಡಲೇ ಕೆಳಗಿಳಿದು ಬಂದೂಕು ಹಿಡಿಯಬೇಕು. ಆಗ ಎಲ್ಲವೂ ಅವರ ಕಣ್ಣೆದುರೇ, ಅವರೇ ಬೀದಿಯಲ್ಲಿ ನಿಂತ ಹಾಗೆ!

ಗೋಪುರಗಳೆಲ್ಲ ಅವಳ ಪಾಲಿಗೆ. ಬಂದೂಕು ಅವನ ಪಾಲಿಗೆ.

ತೊಂದರೆ ಇದ್ದದ್ದೂ ಅಲ್ಲೇ. ಗೋಪುರಕ್ಕೆ ಬಲ ಕೊಟ್ಟರೆ ಬಂದೂಕಿಗೆ ಕೆಲಸವಿಲ್ಲ. ಬಂದೂಕಿಗೆ ಬಲ ಕೊಟ್ಟರೆ ಗೋಪುರ ದಂಡ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ!

ಅವಳಿಗೆ ಇನ್ನೊಂದು ಹಟ. ಆಟ ಪರೀಕ್ಷಿಸುವಾಗ ಬಂದೂಕನ್ನು ಮುಟ್ಟುತ್ತಲೇ ಇರಲಿಲ್ಲ.

"ನನ್ನ ಗೋಪುರ ಗಟ್ಟಿ ಇದ್ರೆ ಬಂದೂಕು ಯಾತಕ್ಕೆ?" ಎನ್ನುತ್ತಿದ್ದಳು.

"ಒಂದೇ ಒಂದು ಸಲ ಹಿಡಿದು ನೋಡಿ ಮೇಸ್ತ್ರಿಗಳೇ..."

"ಬೇಡ. ನಿಮ್ಮ ಬಂದೂಕು ನಿಮಗೇ ಇರ್ಲಿ."

ಹೀಗೆ ಜಗಳವಾಡುತ್ತಲೇ ಅದು ಯಾವಾಗ ಬೇರೆ ಏನೋ ಆಯಿತೋ, ಅವಳಿಗೇ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಬಂದೂಕಿನ ಸದ್ದು ರೆಕಾರ್ಡ್ ಮಾಡಬೇಕೆಂದು ಅವನು ಆಫೀಸಿನ ಹಳೇ ಕಬ್ಬಿಣದ ಬೀರುವಿನ ಡ್ರಾಯರನ್ನು ಧಡಾರನೆ ಮುಚ್ಚುತ್ತಿದ್ದ. ಅವಳು ಮೈಕು ಹಿಡಿದು ಪಕ್ಕದಲ್ಲಿ ಕೂತಿದ್ದಳು. ನಾಲ್ಕನೇ ಸಲಕ್ಕೆ ಡ್ರಾಯರು ಕಿತ್ತುಬಂದು ಅವನ ಕಾಲ ಮೇಲೇ ಬಿತ್ತು!

"ಅಯ್ಯೋ ಅಮ್ಮಾ!"

ಮೈಕು ಅದನ್ನೂ ಬಿಡದೆ ಹಿಡಿದಿತ್ತು. ಕೇಳಿ ಕೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೂ ಅವನು ಅವಳನ್ನೇ ನೋಡುತ್ತಿದ್ದ.

'ಇವನ್ಯಾಕೆ ಹೀಗೆ ನೋಡ್ತಾನೆ... ನನಗ್ಯಾಕೆ ಇಷ್ಟು ಹಿತ ಅನ್ನಿಸ್ತಿದೆ?'

ಅವಳು ತಟ್ಟನೆ ಎದ್ದು ಮೈಕಿನ ವೈರು ಸುತ್ತತೊಡಗಿದಳು. ಸುತ್ತಿದ್ದನ್ನೇ ಮತ್ತೆ ಬಿಚ್ಚಿ ಸುತ್ತಿದಳು.

ಆಮೇಲೆ ಬಂತು ಆ ಶನಿವಾರ.

ದೊಡ್ಡಕ್ಕ ಎಲ್ಲರನ್ನೂ ಕೂರಿಸಿದರು. ಮುಖ ಬಾಡಿತ್ತು.

"ಮಂಗಳವಾರ ಬಂಡವಾಳ ಹಾಕೋರು ಆಟ ನೋಡೋಕೆ ಬರ್ತಿದಾರೆ. ಎರಡು ದೋಣಿ ಮೇಲೆ ಕಾಲಿಟ್ಟು ಇಷ್ಟು ದಿನ ಕಳೆದ್ವಿ. ಇನ್ನಾಗಲ್ಲ. ಗೋಪುರ ಇಲ್ಲ ಬಂದೂಕು, ಒಂದನ್ನ ಕೈಬಿಡಬೇಕು. ಅದನ್ನ ಮಾಡ್ತಿದ್ದವರಿಗೆ... ಇಲ್ಲಿ ಬೇರೆ ಕೆಲಸ ಕೊಡೋಕೆ ನನ್ನಿಂದಾಗಲ್ಲ."

ದೊಡ್ಡಕ್ಕ ಅವನ ಕಡೆ ತಿರುಗಿದರು.

"ಗುರಿಕಾರ, ನೀನು ಹೇಳಪ್ಪ. ಯಾವುದನ್ನ ತೆಗೀಲಿ?"

ಅವಳು ಉಸಿರು ಬಿಗಿಹಿಡಿದು ಅವನತ್ತ ನೋಡಿದಳು. 'ಹೇಳು... ಎರಡೂ ಬೇಕು ಅಂತ ಹೇಳು!'

ಅವನು ತಲೆ ತಗ್ಗಿಸಿದ. ತುಟಿ ಪಿಟಕ್ಕೆನ್ನಲಿಲ್ಲ.

ಆ ಮೌನ ಅವಳನ್ನು ಚುಚ್ಚಿದಷ್ಟು ಯಾವ ಮಾತೂ ಚುಚ್ಚಿರಲಿಲ್ಲ. ಭಾನುವಾರವಿಡೀ ಅವನ ಫೋನು ಬರುತ್ತಲೇ ಇತ್ತು. ಅವಳು ಒಂದನ್ನೂ ಎತ್ತಲಿಲ್ಲ.

ಸೋಮವಾರ ಆಫೀಸಿಗೆ ಬಂದು, ಆಟವನ್ನು ತೆರೆದಳು. ಭಾನುವಾರ ಅವನು ಏನೋ ಬದಲಾಯಿಸಿದ್ದ ಗುರುತು ಅದರಲ್ಲಿತ್ತು. ಎಂದಿನಂತೆ ಗೋಪುರಗಳನ್ನು ಕಟ್ಟಿದಳು. ಇಲಿಗಳು ಹೊರಟವು.

ಗೋಪುರಗಳು ಸುಮ್ಮನೆ ನಿಂತಿದ್ದವು!

ಒಂದೂ ಹೊಡೆಯಲಿಲ್ಲ. ಇಲಿಗಳು ಅವುಗಳ ಬುಡದಲ್ಲೇ ಸಾಲಾಗಿ ನಡೆದುಹೋಗಿ ಕಣಜಕ್ಕೆ ನುಗ್ಗಿದವು. ಅವಳ ಕಣ್ಣು ಮಂಜಾಯಿತು.

"ನನ್ನ ಗೋಪುರಗಳಿಗೆ ಏನು ಮಾಡಿದೆ ನೀನು?"

ಇಷ್ಟು ದಿನ ಬಹುವಚನ ಬಿಡದವಳ ಬಾಯಲ್ಲಿ 'ನೀನು' ಕೇಳಿ ಅವನು ಬೆಚ್ಚಿಬಿದ್ದ.

"ಅದನ್ನೇ ಹೇಳೋಣ ಅಂತ ನಿನ್ನೆಯೆಲ್ಲ ಫೋನ್... ಒಂದು ನಿಮಿಷ, ನೀವು ಬಂದೂಕು ಹಿಡಿದು ನೋಡಿದ್ರಾ?"

"ಬಂದೂಕು! ಯಾವಾಗ್ಲೂ ನಿನ್ನ ಬಂದೂಕಿಂದೇ ಚಿಂತೆ! ಶನಿವಾರ ಬಾಯಿ ಮುಚ್ಕೊಂಡು ಕೂತೆ. ಭಾನುವಾರ ಕದ್ದು ಬಂದು ನನ್ನ ಕೆಲಸದ ಕತ್ತು ಹಿಸುಕಿದೆ. ನಂಬಿದ್ದೆನಲ್ಲ ನಿನ್ನ... ಛೇ!"

"ಅಯ್ಯೋ, ಹಾಗಲ್ಲ, ಕೇಳಿ ಇಲ್ಲಿ..."

ಅವಳು ಕೇಳಲಿಲ್ಲ. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದಳು.

ಮನೆಯಲ್ಲಿ ಅತ್ತಿಗೆ ಒಬ್ಬಳೇ ಇದ್ದಳು. ಬಸ್ ಕಂಡಕ್ಟರ್ ಕೆಲಸದವಳು. ತುಂಬು ಬಸುರಿ ಎಂದು ರಜೆಯ ಮೇಲಿದ್ದು, ಕೂತಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದಳು.

"ಏನ್ ಪುಟ್ಟಿ, ಇಷ್ಟು ಬೇಗ? ಮುಖ ಯಾಕೆ ಸೋರೆಕಾಯಿ ಆಗಿದೆ?"

ಅಷ್ಟು ಸಾಕಾಯಿತು. ಅವಳು ಅತ್ತಿಗೆಯ ಹೆಗಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲ ಹೇಳಿಕೊಂಡಳು. ಹೇಳಬಾರದು ಅಂದುಕೊಂಡಿದ್ದನ್ನೂ.

"ತೋರ್ಸು ನೋಡೋಣ ಆ ಆಟ," ಅಂದಳು ಅತ್ತಿಗೆ, ದಿಂಬಿಗೆ ಒರಗಿ ಲ್ಯಾಪ್‌ಟಾಪನ್ನು ಮಗ್ಗುಲಿಗೆ ಎಳೆದುಕೊಳ್ಳುತ್ತ. "ಹೋಯ್! ಇವೇನು ಟಿಕೆಟ್ ತಗೊಳ್ದೆ ರಾಜಾರೋಷವಾಗಿ ಹೋಗ್ತಿದಾವೆ? ಹೊಡಿಯೋದು ಯಾವ ಬಟನ್ನೇ?"

"ಅದು ಅವನ ಬಂದೂಕು. ಬೇಡ ಬಿಡಿ."

"ಯಾರದ್ದಾದ್ರೆ ಏನು, ಪುಕ್ಕಟೆ ಹೋಗೋರನ್ನ ಬಿಡೋಕಾಗುತ್ತಾ?"

ಅತ್ತಿಗೆ ಗುಂಡು ಹಾರಿಸಿಯೇಬಿಟ್ಟಳು.

ಇಲಿ ಸಾಯಲಿಲ್ಲ. ಅದರ ಬೆನ್ನ ಮೇಲೆ ಕೆಂಪು ಗುರುತೊಂದು ಹೊತ್ತಿಕೊಂಡಿತು, ಅಷ್ಟೇ. ಆದರೆ ಮರುಕ್ಷಣ... ಸುತ್ತಲಿನ ಗೋಪುರಗಳೆಲ್ಲ ಒಟ್ಟಿಗೆ ಆ ಕಡೆ ತಿರುಗಿ ಇಲಿಯನ್ನು ಚಿಂದಿ ಚಿಂದಿ ಮಾಡಿದವು!

"ಅಬ್ಬಾ! ನೋಡಿದ್ಯೇನೇ!" ಅತ್ತಿಗೆ ಕೂಗಿದಳು. ಇನ್ನೊಂದು ಇಲಿಗೆ ಗುರಿಯಿಟ್ಟಳು. ಮತ್ತೊಂದಕ್ಕೆ. "ನಾನು ತೋರಿಸಿದ್ದನ್ನೇ ಹೊಡೀತಾವೆ ಕಣೇ!"

ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಗೋಪುರಗಳ ಬಲ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಗುರಿ ತೋರಿಸುವವರು ಮಾತ್ರ ಬೇಕಿತ್ತು. ಒಂದೇ ಏಟಿಗೆ ಇಲಿಯನ್ನು ಉರುಳಿಸುತ್ತಿದ್ದ ಅವನ ಬಂದೂಕು... ಅವನು ಇಷ್ಟು ದಿನ ಮಗುವಿನಂತೆ ಸಾಕಿದ್ದ ಬಂದೂಕು... ಈಗ ಬರೀ ಗುರುತು ಹಾಕುತ್ತಿತ್ತು!

'ನನ್ನ ಗೋಪುರಗಳನ್ನ ಕೊಂದಿಲ್ಲ ಇವನು. ತನ್ನ ಬಂದೂಕಿನ ಹಲ್ಲೇ ಕಿತ್ತಿದ್ದಾನೆ. ಇಬ್ಬರೂ ಉಳೀಲಿ ಅಂತ... ದೇವರೇ, ನಾನೇನಂದೆ ಅವನಿಗೆ!'

ಎದೆಯ ಮೇಲಿನ ಬಂಡೆ ಉರುಳಿ ಬಿದ್ದಂತಾಯಿತು. ಅಳುವೂ ನಗುವೂ ಒಟ್ಟಿಗೇ ಬಂತು.

"ಅಳೋದು ಆಮೇಲೆ ಅಳು," ಅಂದಳು ಅತ್ತಿಗೆ, ಪರದೆಯಿಂದ ಕಣ್ಣು ಕೀಳದೆ. "ಮೊದಲು ಹೋಗು. ಅಂಥವನನ್ನ ಕಾಯಿಸಬಾರದು. ಇದನ್ನ ಮಾತ್ರ ಇಲ್ಲೇ ಬಿಟ್ಟು ಹೋಗು."

ಆಫೀಸಿನಲ್ಲಿ ಅವನು ಒಬ್ಬನೇ ಪರದೆಗೆ ಮುಖವಿಟ್ಟು ಕೂತಿದ್ದ. ಕಣ್ಣು ಕೆಂಪಗಾಗಿದ್ದವು. ಅವಳು ಬಂದದ್ದು ಗೊತ್ತಾದರೂ ತಿರುಗಲಿಲ್ಲ.

"ನಿಮ್ಮ ಗೋಪುರಗಳನ್ನ ಮೊದಲಿದ್ದ ಹಾಗೇ ಮಾಡ್ತಿದೀನಿ. ಇನ್ನು ಸ್ವಲ್ಪ ಇದೆ. ಕೇಳದೆ ಮುಟ್ಟಿದ್ದು ನನ್ನದೇ ತಪ್ಪು. ದೊಡ್ಡಕ್ಕನಿಗೆ ಬಂದೂಕೇ ತೆಗೆದುಬಿಡಿ ಅಂತ ಹೇಳಿಬಿಡ್ತೀನಿ..."

"ನಿಲ್ಲಿಸು!"

ಓಡಿಬಂದು ಅವನ ಕೈಯನ್ನು ಕೀಲಿಮಣೆಯ ಮೇಲೇ ಹಿಡಿದುಕೊಂಡಳು.

"ನಿಲ್ಲಿಸು... ದಯವಿಟ್ಟು. ನಾನು ನೋಡಿದೆ. ಅತ್ತಿಗೆ ಹೊಡೆದು ತೋರಿಸಿದ್ಲು. ಇಷ್ಟು ಚೆನ್ನಾಗಿರೋದನ್ನ ಅಳಿಸ್ತೀಯಾ?"

ಅವನು ನಿಧಾನಕ್ಕೆ ತಲೆಯೆತ್ತಿದ. "ನಿಜವಾಗ್ಲೂ... ಚೆನ್ನಾಗಿದ್ಯಾ?"

"ಗೋಪುರ ತಿರುಗೋದು ಸ್ವಲ್ಪ ನಿಧಾನ ಆಯ್ತು. ಅದನ್ನ ನಾನು ಸರಿಮಾಡ್ತೀನಿ. ಉಳಿದಿದ್ದೆಲ್ಲ..." ಹಿಡಿದಿದ್ದ ಕೈಯನ್ನು ಮೆಲ್ಲಗೆ ಒತ್ತಿದಳು. "ಕ್ಷಮಿಸು. ನೀನು ಹೇಳೋಕೆ ಬಂದ್ರೂ ನಾನು ಕೇಳಲಿಲ್ಲ."

"ಶನಿವಾರ ನಾನೂ ಏನೂ ಹೇಳಲಿಲ್ಲವಲ್ಲ," ಅಂದ ಅವನು. "ಬಂದೂಕು ತೆಗೀರಿ ಅನ್ನೋಕೆ ಬಾಯಿ ಬರಲಿಲ್ಲ. ಗೋಪುರ ತೆಗೀರಿ ಅನ್ನೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಮೂಗನ ಥರ ಕೂತುಬಿಟ್ಟೆ."

ಅವಳು ಕಣ್ಣೊರೆಸಿಕೊಂಡು ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

ಮಂಗಳವಾರ ಬಂಡವಾಳದವರು ಇಬ್ಬರು ಬಂದರು. ಅವರಲ್ಲಿ ಹಿರಿಯರು ನಗುವನ್ನು ಮನೆಯಲ್ಲೇ ಬಿಟ್ಟು ಬಂದವರಂತಿದ್ದರು. ಕೋಟು ಕೂಡ ಬಿಚ್ಚದೆ ಆಡಲು ಕೂತರು. ಗೋಪುರ ಕಟ್ಟಿದರು, ಕೆಳಗಿಳಿದರು, ಗುರುತು ಹಾಕಿದರು. ಇಲಿಗಳು ಎರಡು ಬೀದಿಯಿಂದ ನುಗ್ಗಿದಾಗ ಕುರ್ಚಿಯ ತುದಿಗೆ ಬಂದರು. ಕಡೆಗೆ ಸೋತರು.

ಹಿಂದೆ ನಿಂತಿದ್ದ ಗುರಿಕಾರನ ಬೆರಳು ಮೇಸ್ತ್ರಿಯ ಬೆರಳಿಗೆ ತಾಕಿತು. ಇಬ್ಬರದೂ ಮಂಜಿನಷ್ಟು ತಣ್ಣಗಿದ್ದವು.

ಹಿರಿಯರು ಎದ್ದು ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿದರು. ಮತ್ತೆ ಕೂತರು.

"ಇನ್ನೊಂದು ಸಲ!"

ದೊಡ್ಡಕ್ಕ ಗೋಡೆಯ ಕಡೆ ತಿರುಗಿ ತೋಳಿನಿಂದ ಕಣ್ಣೊರೆಸಿಕೊಂಡರು.

ಸಂಜೆಯ ಹೊತ್ತಿಗೆ ಮಾತು ಮುಗಿದಿತ್ತು. ಗೋಪುರವೂ ಇರುತ್ತದೆ, ಬಂದೂಕೂ ಇರುತ್ತದೆ. ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ!

ಒಳಗೆ ಎಲ್ಲರೂ ಗಲಾಟೆ ಮಾಡುತ್ತಿದ್ದರೆ, ಇವರಿಬ್ಬರೂ ಕಾಫಿ ಲೋಟ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಕೆಳಗೆ ಬೀದಿಯಲ್ಲಿ ಅಂಗಡಿಗಳ ದೀಪ ಒಂದೊಂದಾಗಿ ಹತ್ತುತ್ತಿದ್ದವು. ಎಷ್ಟೋ ದಿನದ ಮೇಲೆ ಅವಳ ಹೆಗಲು ಹಗುರಾಗಿತ್ತು.

"ನಂಗೆ ನೀನಂದ್ರೆ ಇಷ್ಟ," ಅಂದುಬಿಟ್ಟಳು.

ಅವನ ಕೈಯಿಂದ ಅರ್ಧ ಕಾಫಿ ಮೆಟ್ಟಿಲಿಗೆ ಚೆಲ್ಲಿತು.

"ಇದು ಅನ್ಯಾಯ! ಇದನ್ನ ನಾನು ಮೊದಲು ಹೇಳ್ಬೇಕು ಅಂತ ಬೆಳಿಗ್ಗೆಯಿಂದ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದೀನಿ!"

"ಹಾಗಾದ್ರೆ ಹೇಳು. ಕೇಳ್ತೀನಿ."

ಅವನು ಬಾಯಿ ತೆರೆದ. ಮುಚ್ಚಿದ. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.

"ಎಲ್ಲ ಮರ್ತೇಹೋಯ್ತು..."

ಅವಳು ನಗುತ್ತ ಇನ್ನಷ್ಟು ಹತ್ತಿರ ಸರಿದು ಕೂತಳು. "ಪರವಾಗಿಲ್ಲ. ನೆನಪಾಗೋವರೆಗೂ ಇಲ್ಲೇ ಇರ್ತೀನಿ."

"ನೆನಪೇ ಆಗ್ದಿದ್ರೆ?"

"ಆಗ್ದೇ ಇರ್ಲಿ ಬಿಡು."